ಮೂರನೆಯದು

ರಾತ್ರಿ ಬ್ಯಾಟರಿ ಗುಡಾರದೊಳಗೆ ಮಲಗುತ್ತದೆ,
ಒಲೆಯ ಪಕ್ಕ, ಹೊತ್ತಲ್ಲದ ಹೊತ್ತಲ್ಲಿ ಹುಟ್ಟಿದ ಕುರಿಮರಿಯ ಜೊತೆ.
ಲಾರಿ ಮಾತ್ರ ಹೊರಗೆ,
ತೊಸೊನ್‌ಚೆಂಗೆಲಿನ ಮೈನಸ್ ಮೂವತ್ತಾರರಲ್ಲಿ,
ಮೂತಿಗೆ ಕಂಬಳಿ ಹೊದ್ದು.

ನಾಲ್ಕೂವರೆಗೆ ಏಳುತ್ತೇನೆ.
ಬೆರಣಿಯ ಕೆಂಡ ತಗಡಿನ ತಟ್ಟೆಗೆ ಸುರಿದು
ಎಂಜಿನ್ನಿನ ಹೊಟ್ಟೆಯಡಿ ದೂಡುತ್ತೇನೆ.
ಒಳಗಿನ ಎಣ್ಣೆ ಅಂಟಾಗಿದೆ. ಅದು ಮತ್ತೆ ಎಣ್ಣೆಯಾಗುವವರೆಗೆ
ಕೂತು ಚಹಾ ಕುಡಿಯಬಹುದು. ಕುಡಿಯುವುದಿಲ್ಲ.
ಹೋದ ವರ್ಷ ಹೀಗೆ ಚಹಾ ಕುಡಿಯುತ್ತಿದ್ದಾಗಲೇ
ದಾಗ್ವನ ಗಾಡಿ ಹೊತ್ತಿಕೊಂಡಿದ್ದು.
ಅವನು ಹೊರಗೆ ಬಂದು ಮೊದಲು ಕೈ ಕಾಸಿಕೊಂಡ,
ಆಮೇಲೆ ಕೂಗಿದ ಎಂದು
ಈಗಲೂ ನಗುತ್ತಾರೆ.

ನಾಲ್ಕು ಸಿಲಿಂಡರು, ನಾಲ್ಕು ಗ್ಲೋ ಪ್ಲಗ್ಗು.
ಮೂರನೆಯದು ಸತ್ತು ಎರಡು ಚಳಿಗಾಲ.
ತುದಿ ಊದಿಕೊಂಡಿದೆಯಂತೆ,
ಉಂಗುರ ಬಿಡದ ಬೆರಳಿನ ಹಾಗೆ.
"ತಿರುಪಿದರೆ ಮುರಿಯುತ್ತದೆ," ಎಂದ ಗಲ್ಸನ್,
"ಮುರಿದರೆ ಹೆಡ್ ಬಿಚ್ಚಬೇಕು.
ಬಿಚ್ಚಿದರೆ ಒಳಗೆ ಇನ್ನೇನು ಕಾಣುತ್ತದೋ.
ಇರಲಿ ಬಿಡು. ಸುತ್ತಿ ಹೋಗು."

ಸುತ್ತಿ ಹೋಗುವುದೆಂದರೆ ಇಷ್ಟು:
ಕೆಟ್ಟ ರಿಲೇ ಕಿತ್ತೆಸೆದು,
ಗುಜರಿಯ ರಷ್ಯನ್ ಜೀಪಿನಿಂದ ಸೊಲೆನಾಯ್ಡ್ ಬಿಚ್ಚಿ ತಂದು,
ಬ್ಯಾಟರಿಯಿಂದ ಹೆಬ್ಬೆರಳು ದಪ್ಪದ ತಂತಿ ಎಳೆದು
ಸ್ಟಿಯರಿಂಗಿನ ಎಡಕ್ಕೊಂದು ಗುಂಡಿ.
ಯಾರದೋ ಫ್ಲ್ಯಾಟಿನ ಕರೆಗಂಟೆಯದು.
ಮನೆ ನಂಬರೂ ಉಳಿದಿದೆ: ಹದಿನೇಳು.

ಒತ್ತುತ್ತೇನೆ.
ಹದಿನೇಳರಲ್ಲಿ ಯಾರೂ ಏಳುವುದಿಲ್ಲ.
ನಾನು ಅಂಕಿ ಎಣಿಸುವವಳಲ್ಲ,
ಹಾಸ್ಟೆಲಿನ ಹಾಸಿಗೆ ಎಣಿಸುತ್ತೇನೆ,
ಈ ಕಲ್ಲಿದ್ದಲು ಹೋಗುವುದು ಆ ಮಕ್ಕಳ ಬಾಯ್ಲರಿಗೆ.
ಬಾಗಿಲ ಬಳಿ ಉರ್ನಾ, ಆಮೇಲೆ ಎಡಚರಾದ ಅವಳಿಗಳು,
ಕೆಮ್ಮುವವಳು, ಹಾಸಿಗೆ ಒದ್ದೆ ಮಾಡಿ ಅಲ್ಲವೆನ್ನುವವನು,
ಹೀಗೆ ಸಾಲು ಮುಗಿದು
ಕಿಟಕಿ ಕೆಳಗಿನ ಹುಡುಗ. ಅವನನ್ನು ಎರಡು ಸಲ ಎಣಿಸುತ್ತೇನೆ,
ಅಲ್ಲಿ ಗಾಳಿ ಜಾಸ್ತಿ.
ಅಲ್ಲಿಗೆ ಕೈ ತೆಗೆಯಬೇಕು. ಇನ್ನೂ ಒತ್ತಿದರೆ
ಉಳಿದ ಮೂರೂ ಸುಟ್ಟುಹೋಗುತ್ತವೆ.

ಕೀಲಿ.
ಒಂದು ಕೆಮ್ಮು. ಏನಿಲ್ಲ. ಇನ್ನೊಂದು.
ಒಂದು, ಎರಡು, ನಾಲ್ಕು ಹೊತ್ತಿಕೊಂಡವು.
ಮೂರನೆಯದು ಡೀಸೆಲ್ಲನ್ನು ಹಸಿಹಸಿಯಾಗಿ ಉಗುಳುತ್ತಿದೆ,
ಅಂಗಳ ತುಂಬ ಬಿಳಿ ಹೊಗೆ, ನಾಯಿ ಸೀನುತ್ತದೆ,
ನನ್ನ ಹಲ್ಲು, ಸೀಟು, ಹಿಂದಿನ ಗುದ್ದಲಿ, ಎಲ್ಲವೂ ಗಡಗಡ.
ಆಗ ತುಳಿಯಬಾರದು. ಬೈಯಲೂಬಾರದು.
ಅಕ್ಕಪಕ್ಕದ್ದರ ಬಿಸಿ
ಕಬ್ಬಿಣದೊಳಗೇ ನಡೆದು ಅದರ ಮನೆಗೆ ಹೋಗಬೇಕು.
ಯಾವಾಗ ತಲುಪಿತೆಂದು ಕಿವಿಗಿಂತ ಮೊದಲು
ಕನ್ನಡಿಗೆ ಗೊತ್ತಾಗುತ್ತದೆ:
ಅದರೊಳಗೆ ಚೂರುಚೂರಾಗಿದ್ದ ಅಂಗಳದ ದೀಪ
ಒಂದೇ ದೀಪವಾಗಿ ನಿಲ್ಲುತ್ತದೆ.

ಇನ್ನು ಸಂಜೆವರೆಗೆ ಆರಿಸುವಂತಿಲ್ಲ.
ಹಾಸ್ಟೆಲಿನ ಬಾಗಿಲಲ್ಲಿ ಅದು ಗುಡುಗುತ್ತಲೇ ಇರುತ್ತದೆ,
ಅಡುಗೆಯ ಸೊಯೊಲ್ಮಾ ಕೂಗುತ್ತಾಳೆ,
"ಅದಕ್ಕೂ ಒಂದು ಬಟ್ಟಲು ಸಾರು ಹಾಕಲೇನೇ?"

ಹೊಸ ಪ್ಲಗ್ಗು ಇಲ್ಲವೆಂದಲ್ಲ.
ಉಲಾನ್‌ಬಾತರಿನಿಂದ ಅತ್ತಿಗೆ ಕಳಿಸಿದ್ದು
ಡ್ಯಾಷ್‌ಬೋರ್ಡಿನ ಗೂಡಲ್ಲಿದೆ, ಎಣ್ಣೆಕಾಗದ ಬಿಚ್ಚಿಲ್ಲ.
ಬೇಸಿಗೆಯಲ್ಲಿ ನೋಡೋಣ ಎನ್ನುತ್ತೇನೆ.
ಬೇಸಿಗೆಯಲ್ಲಿ ಅದು ಯಾರಿಗೆ ಬೇಕು?

ಒಂದು ಮಾತು ಗಲ್ಸನ್‌ಗೂ ಹೇಳಿಲ್ಲ.
ಗುಂಡಿ ಒತ್ತಿದಾಗ ಕ್ಯಾಬಿನ್ನಿನ ಬಲ್ಬು ಮಂಕಾಗುತ್ತದೆ,
ಪ್ಲಗ್ಗುಗಳು ಅಷ್ಟು ಕರೆಂಟು ಕುಡಿಯುತ್ತವೆ.
ನಾಲ್ಕೂ ಇದ್ದಾಗ
ಮಡಿಲ ಮೇಲಿನ ಕೈಗವಸೂ ಕಾಣುತ್ತಿರಲಿಲ್ಲ.
ಈಗ ಕಾಣುತ್ತದೆ.
ಪಕ್ಕದ ಸೀಟಿನ ಹರಕು,
ಅದಕ್ಕೆ ಅವನು ಹಾಕಿದ ಹೊಲಿಗೆಯೂ.

ಹೊರಟೆ. ಕೆಂಡದ ತಟ್ಟೆ ಅಲ್ಲೇ ಮರೆತೆ.
ಗೇಟಿನ ಹತ್ತಿರ ಕನ್ನಡಿ ನೋಡಿದರೆ
ನಾಯಿ ಆಗಲೇ ಅದರ ಸುತ್ತ ಸುರುಳಿಯಾಗಿತ್ತು.