ಕಾದ ಮರಳು

ಸೋಮವಾರ ಬೆಳಿಗ್ಗೆ ಅಂಚೆಯ ಗುಡ್ಡಪ್ಪ
ಚೀಲದ ಬಾಯಿ ಬಿಚ್ಚಿ ನನ್ನ ಮೇಜಿಗೆ ಸುರಿಯುತ್ತಾನೆ
ಊರು ಕೇರಿಗಳ ಒಂದು ವಾರದ ಅನುಮಾನ.
ನೂರಿಪ್ಪತ್ತು ಕಾರ್ಡು, ಹಬ್ಬದ ವಾರ ಸ್ವಲ್ಪ ಕಮ್ಮಿ.
ಭಾನುವಾರದ ಪುಟದಲ್ಲಿ ಜಾಗ ಒಂಬತ್ತಕ್ಕೆ.

ಉತ್ತರ ಬರೆಯುವವರು ಬೇರೆ:
ಡಾಕ್ಟರು, ವಕೀಲರು, ರಿಟೈರಾದ ಹೆಡ್‌ಮಾಸ್ತರು.
ನನ್ನದು ಅದಕ್ಕೂ ಮುಂಚಿನ ಕೆಲಸ,
ಯಾವುದು ಪ್ರಶ್ನೆ, ಯಾವುದು ಅಲ್ಲ ಅನ್ನೋದು.
ನೇರಳೆ ಶಾಯಿಯ ಪ್ಯಾಡು, ಮೂರು ರಬ್ಬರ್ ಮೊಹರು:
'ಈಗಾಗಲೇ ಕೇಳಲಾಗಿದೆ.'
'ಸ್ಪಷ್ಟವಿಲ್ಲ.'
'ಇದು ಪ್ರಶ್ನೆಯಲ್ಲ.'

ಸಕ್ಕರೆ ಕಾಯಿಲೆಗೆ ಹಾಗಲಕಾಯಿ ರಸ
ವಾರಕ್ಕೆ ಮೂರು ಸಲ ಬರುತ್ತದೆ, ಒಂದೊಂದು ಸಲ ಒಂದೇ ಮನೆಯಿಂದ.
ಹರಿಹರದ ತಿಪ್ಪೇರುದ್ರಪ್ಪನವರು
ಅಂಚಿನವರೆಗೂ ತಮ್ಮ ಅಭಿಪ್ರಾಯ ತುಂಬಿ
ಕೊನೆಗೊಂದು 'ಅಲ್ಲವೇ?' ಸಿಕ್ಕಿಸುತ್ತಾರೆ.
ಧಪ್.
ಜಗಳೂರಿನ ಹುಡುಗನೊಬ್ಬ ಕೇಳಿದ್ದ:
ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಾಗ
ಈ ಕಡೆ ನಿಂತವರ ಹೊತ್ತೂ ಆ ಕಡೆ ನಿಂತವರ ಹೊತ್ತೂ
ಒಂದೇ ಏನ್ರೀ?
ಎತ್ತಿದ ಕೈ ಗೇಟಿನ ಹಾಗೇ ನಿಂತಿತು.
ಆಮೇಲೆ ಒತ್ತಿದೆ. ಯಾವ ಮೊಹರು ಅಂತ ಹೇಳಲಾರೆ.

ಆಷಾಢದಲ್ಲಿ ಒಂದು ಕಾರ್ಡು, ಪೆನ್ಸಿಲಿನ ಬರಹ,
ಹೆಸರಿಲ್ಲ. ಅಂಚೆ ಮುದ್ರೆ ಹೊನ್ನಾಳಿಯದು.
'ಎಷ್ಟು ದಿನ ಕಾಯಬೇಕು?'
ಅಷ್ಟೇ. ಯಾರು, ಯಾರಿಗೆ, ಯಾತಕ್ಕೆ, ಒಂದೂ ಇಲ್ಲ.
ಪುಟದ ಅಡಿಗೆ ಸಣ್ಣ ಅಕ್ಷರದಲ್ಲಿ ಹಾಕಿಸಿದೆ:
ಹೊನ್ನಾಳಿಯವರಿಗೆ, ಸ್ಪಷ್ಟವಿಲ್ಲ.
ಮುಂದಿನ ವಾರ ಸ್ಪಷ್ಟವಾಗಿಯೇ ಬಂತು:
'ಮಾತು ಬಿಟ್ಟ ತಂಗಿಗಾಗಿ ಎಷ್ಟು ದಿನ ಕಾಯಬೇಕು?'
ನಿಯಮ ನಿಯಮವೇ. ಈಗಾಗಲೇ ಕೇಳಲಾಗಿದೆ.
ಮೂರನೆಯ ವಾರ,
ಪೆನ್ಸಿಲು ಇನ್ನೂ ಮೊಂಡಾಗಿತ್ತು:
'ಅವಳೂ ನಿಮ್ಮ ಪುಟ ಓದುತ್ತಾಳೆ.'
ಇದು ಪ್ರಶ್ನೆಯಲ್ಲ.
ಮೊಹರು ಒತ್ತಿ, ಶಾಯಿ ಆರುವ ತನಕ
ಆ ಕಾರ್ಡನ್ನೇ ನೋಡುತ್ತ ಕೂತೆ.

ನಮ್ಮವ್ವ ಇಮಾಂಬಿ ಮಂಡಕ್ಕಿ ಭಟ್ಟಿಯಲ್ಲಿ ಜರಡಿ ಹಿಡಿದವಳು.
ಬಾಣಲೆಯಿಂದ ಎತ್ತಿದ್ದನ್ನು ಎರಡು ಸಲ ಕುಲುಕಿದರೆ
ಮೇಲೆ ಬೆಳ್ಳಗೆ ಮಂಡಕ್ಕಿ, ಕೆಳಗೆ ಕರ್ರಗೆ ಮರಳು.
ಊರೆಲ್ಲ ತಿನ್ನೋದು ಮೇಲಿನದನ್ನ.
ಮರಳನ್ನು ಎಸೆಯುತ್ತಾರೆ ಅಂದುಕೊಂಡಿದ್ದೆ ಚಿಕ್ಕವಳಿದ್ದಾಗ.
ಇಲ್ಲ, ಬಿಸಿ ಆರೋಕೆ ಮುಂಚೆ
ಮತ್ತೆ ಬಾಣಲೆಗೇ ಹಾಕುತ್ತಿದ್ದಳು.
'ಇದಿಲ್ದೆ ಅಕ್ಕಿ ಹೆಂಗ್ ಅರಳ್ತತಿ, ಹುಚ್ಚಿ.'

ಶನಿವಾರ ರಾತ್ರಿ ಪುಟದಲ್ಲಿ ನಾಲ್ಕು ಸಾಲು ಜಾಗ ಉಳಿಯಿತು,
ಜಾಹೀರಾತೊಂದು ಕೈಕೊಟ್ಟು.
ಪೆನ್ಸಿಲಿನ ಮೂರೂ ಕಾರ್ಡು ಒಂದರ ಕೆಳಗೊಂದು ಜೋಡಿಸಿದೆ.
'ಉತ್ತರ ಎಲ್ರೀ?' ಅಂದರು ಸಂಪಾದಕರು.
'ಬರ್ತದೆ ಸಾರ್' ಅಂದೆ.

ಬಂತು. ಐವತ್ತೆರಡು ಕಾರ್ಡು.
'ಏಳು ವರ್ಷ, ನಾನು ಕಾದಿದ್ದೇನೆ.'
'ಕಾಯೋದೇನು, ಬಸ್ ಹತ್ತಿ ಹೋಗಿ.'
'ತಪ್ಪು ಯಾರದು ಮೊದಲು ತಿಳಿಸಿ.'
ಚನ್ನಗಿರಿಯಿಂದ ಒಬ್ಬರು ಬರೇ ಒಂದು ಫೋನ್ ನಂಬರು.
ತಿಪ್ಪೇರುದ್ರಪ್ಪನವರದು ಈ ಸಲ
ಎರಡೇ ಸಾಲು, 'ಅಲ್ಲವೇ' ಇಲ್ಲದೆ:
ನಾನೂ ಒಬ್ಬ ಅಣ್ಣ.
ಅಷ್ಟೇ.
ನಿಯಮದ ಪ್ರಕಾರ ಇವು ಯಾವುವೂ ಪ್ರಶ್ನೆಯಲ್ಲ.
ಪ್ಯಾಡಿನ ಮುಚ್ಚಳ ತೆಗೆದೆ. ಮುಚ್ಚಿದೆ.

ಹೊನ್ನಾಳಿಯ ಕಾರ್ಡು ಮತ್ತೆ ಬರಲಿಲ್ಲ.
ತಂಗಿ ಬಂದಳೋ,
ಪೆನ್ಸಿಲು ಮುಗಿಯಿತೋ.

ರಾಮ್ ಅಂಡ್ ಕೋ ವೃತ್ತದ ಹತ್ತಿರ ನಿನ್ನೆ
ಮಂಡಕ್ಕಿ ಕಟ್ಟಿಕೊಟ್ಟ ಪೊಟ್ಟಣ ನಮ್ಮ ಭಾನುವಾರದ ಪುಟ.
ತಿಂದು ಮುಗಿದ ಮೇಲೆ ಬಿಡಿಸಿ ನೋಡಿದೆ:
ಎಣ್ಣೆ ಮೆತ್ತಿದ ನಾಲ್ಕು ಸಾಲು,
ಮಡಿಕೆಯಲ್ಲಿ ಒಂದೆರಡು ಮರಳಿನ ಕಾಳು.

ಒಮ್ಮೆ ನಾನೂ ಕೇಳಿದ್ದೆ ಭಟ್ಟಿಯ ಬಾಗಿಲಲ್ಲಿ ಕೂತು,
ಅವ್ವಾ, ಮರಳು ಎಷ್ಟೊತ್ತು ಕಾಯಬೇಕು?
ಅವ್ವ ಹೊಗೆಗೆ ಕಣ್ಣು ಕಿರಿದು ಮಾಡಿ
ಒಂದು ಹಿಡಿ ಅಕ್ಕಿ ಎರಚಿದಳು,
'ತಡಿ, ಕೇಳನ.'