ನಿಮ್ಮಲ್ಲಿ ಯಾರು ದೊಡ್ಡೋರು

ಅರಕಲಗೂಡು ಬಸ್ಸಿನಲ್ಲಿ ಒಬ್ಬ ಎದ್ದು
ಸೀಟು ಬಿಟ್ಟುಕೊಟ್ಟ: ‘ಕೂತ್ಕಳಿ ಅಜ್ಜಿ.’
ಅವನಿಗೇ ಮೂವತ್ತೈದರ ಮೇಲೆ. ನನಗೆ ನಲವತ್ತೇಳು.
ಕೂತೆ. ಕಾಲು ನೋಯುತ್ತಿತ್ತು,
ಸಿಟ್ಟು ಆಮೇಲೆ ಮಾಡಿಕೊಂಡರಾಯಿತು.

ಪಕ್ಕದಲ್ಲಿ ಕಂಬಿ ಹಿಡಿದು ನಿಂತೇ ಬಂದವಳು
ನಮ್ಮಕ್ಕ ವನಜಾಕ್ಷಿ, ಐವತ್ಮೂರು ತುಂಬಿದವಳು,
ಗೊರೂರು ದಾಟುವವರೆಗೂ
ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.
ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿದ,
ಮುಖ ನೋಡಿದ, ಮತ್ತೆ ಕಾರ್ಡು,
ಏನೂ ಕೇಳದೆ ಸೊನ್ನೆ ಟಿಕೆಟ್ಟು ಹರಿದ.

ನನ್ನ ಕೂದಲು ಇಪ್ಪತ್ತೊಂಬತ್ತಕ್ಕೇ ನೆರೆಯಿತು.
ಮೊದಲು ಬೈತಲೆಯ ಹತ್ತಿರ ಒಂದೆಳೆ,
ಆಮೇಲೆ ಸುಣ್ಣ ಬಳಿದ ಹಾಗೆ.
ಒಂದು ಸಲ ಬಣ್ಣ ಹಚ್ಚಿದೆ.
ಹಣೆ ಊದಿ, ಕಣ್ಣು ಮುಚ್ಚಿಹೋಗಿ,
ಹಮಾಲರೆಲ್ಲ ಗಂಡ ಹೊಡೆದನೆಂದುಕೊಂಡರು.
ಪಾಪ, ಇರುವೆಗೂ ದಾರಿ ಬಿಡುವ ಮನುಷ್ಯ.
ಅವನ ಮಾನ ಉಳಿಯಲಿ ಅಂತ ಬಿಟ್ಟೆ.

ಅಕ್ಕನ ತಲೆ ಇವತ್ತಿಗೂ ದೋಸೆ ಹೆಂಚು.
ಕೇಳಿದವರಿಗೆ ಹರಳೆಣ್ಣೆ ಅನ್ನುತ್ತಾಳೆ.
ಸುಳ್ಳು.
ಹರಳೆಣ್ಣೆ ಅವಳು ಹಚ್ಚಿದ್ದು ನನ್ನ ತಲೆಗೆ,
ಮೊಣಕಾಲ ನಡುವೆ ನನ್ನನ್ನು ಸಿಕ್ಕಿಸಿಕೊಂಡು,
ಅವ್ವ ಹೋದ ವರ್ಷದಿಂದ ನಾನು ಮೈನೆರೆಯುವವರೆಗೆ
ಪ್ರತಿ ಶನಿವಾರ.

ಮದುವೆಮನೆಗಳಲ್ಲಿ ಒಂದೇ ಪ್ರಶ್ನೆ:
‘ನಿಮ್ಮಲ್ಲಿ ಯಾರು ದೊಡ್ಡೋರು?’
ಕೇಳುವವರು ನನ್ನ ಕಡೆ ನೋಡಿಯೇ ಕೇಳುತ್ತಾರೆ.
ಒಂದು ಸಲ ಅಕ್ಕ ಎಲ್ಲರೆದುರು ಬಾಗಿ
ನನ್ನ ಕಾಲು ಮುಟ್ಟಿ ಆಶೀರ್ವಾದ ಬೇಡಿದಳು.
ಚಿವುಟಿ ಎಬ್ಬಿಸಿದೆ.

ನಿಜ ಹೇಳಬೇಕೆಂದರೆ ನನ್ನ ವಯಸ್ಸೇ ಗಟ್ಟಿಯಿಲ್ಲ.
ಕಾರ್ಡಿನಲ್ಲಿ ಜೂನ್ ಒಂದು. ಮೇಷ್ಟ್ರು,
‘ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟು’ ಅಂದರು.
ಎಟುಕಲಿಲ್ಲ.
ಜೊತೆಗೆ ಬಂದಿದ್ದ ಅಕ್ಕ ಹಿಂದಿನಿಂದ
ನನ್ನ ಕಿವಿಯನ್ನೇ ಎಳೆದು ಬೆರಳಿಗೆ ತಾಗಿಸಿದಳು.
ಮೇಷ್ಟ್ರು ನಕ್ಕು ಬರೆದುಕೊಂಡರು.
ಹಾಗೆ ಒಂದು ವರ್ಷ ಮೊದಲೇ ದೊಡ್ಡವಳಾದೆ.
ಅವ್ವನ ಲೆಕ್ಕ ಬೇರೆ:
ಆಲೂಗಡ್ಡೆಗೆ ಅಂಗಮಾರಿ ಬಿದ್ದ ವರ್ಷ,
ಹೊಲವೆಲ್ಲ ಒಂದೇ ರಾತ್ರಿಗೆ ಸುಟ್ಟ ಹಾಗೆ ಕಪ್ಪಾದಾಗ.
ಎಷ್ಟು ಸಲ ಬಿದ್ದಿದೆಯೋ ಅಂಗಮಾರಿ.
ಅಕ್ಕನನ್ನು ಕೇಳಿದರೆ
‘ನೀನು ಹುಟ್ಟಿದ ದಿನ ನನಗೊಂದು ಅಚ್ಚು ಬೆಲ್ಲ ಕೊಟ್ಟರು.’
ಅಷ್ಟೇ ನೆನಪು.

ಈಗ ಹಾಸನದ ಮಾರ್ಕೆಟ್ ಯಾರ್ಡಿನಲ್ಲಿ
ಬಿತ್ತನೆ ಗಡ್ಡೆ ಆರಿಸುವ ಕೆಲಸ.
ನುಣುಪಾದದ್ದು ಸಾರಿಗೆ ಹೋಗಲಿ.
ನೆಲಕ್ಕೆ ಬೇಕಾದ್ದು ಸುಕ್ಕು ಬಿದ್ದದ್ದು, ಕಣ್ಣು ಬಿಟ್ಟದ್ದು.
‘ಅಜ್ಜಿ ಕೈ ನೋಡಿ ಕಲೀರಿ’ ಅನ್ನುತ್ತಾರೆ ಹೊಸ ಹುಡುಗಿಯರಿಗೆ
ಸಾಹುಕಾರ ಬೋರಲಿಂಗೇಗೌಡರು.
ಅವರಿಗೆ ಅರವತ್ತೆರಡು.
ಸರಿ ಸ್ವಾಮಿ ಅಂದು
ಅವರ ಮನೆಯ ಚೀಲಕ್ಕೆ ಒಂದೆರಡು ಕೊಳೆತದ್ದು ಸೇರಿಸುತ್ತೇನೆ.

ಕಾರ್ತಿಕದಲ್ಲಿ ಅಕ್ಕನಿಗೆ ಗರ್ಭಕೋಶ ತೆಗೆಸಬೇಕಾಯಿತು.
ದೊಡ್ಡಾಸ್ಪತ್ರೆ, ಎರಡನೇ ಮಹಡಿ, ಫಿನಾಯಿಲು ವಾಸನೆ.
ನರ್ಸು ಎಳೇ ಹುಡುಗಿ, ಅವಳಿಗೆ ಎಲ್ಲರೂ ಮುದುಕರೇ,
ಕಾಗದ ಮುಂದೆ ಹಿಡಿದಳು:
‘ಸೈನ್ ಮಾಡಿ. ತಾಯಿ ತಾನೆ ನೀವು?’
ನಾನಿನ್ನೂ ಬಾಯಿ ತೆರೆಯುತ್ತಿದ್ದೆ.
ಹಸಿರು ಟೋಪಿಯೊಳಗೆ ಕೂದಲೆಲ್ಲ ಅಡಗಿ
ಮೊದಲ ಸಲ ತನ್ನ ವಯಸ್ಸಿನಷ್ಟೇ ಕಂಡ ಅಕ್ಕ
ಸ್ಟ್ರೆಚರಿನ ಮೇಲಿಂದ ಅಂದಳು:
‘ಹ್ಞೂಂ, ನಮ್ಮವ್ವ.’

ಈಗ ನಗುತ್ತಾಳೆ ಅಂತ ಕಾದೆ.
ನಗಲಿಲ್ಲ.
ನನ್ನ ಸೆರಗಿನ ತುದಿಯನ್ನು
ಬೆರಳಿಗೆ ಸುತ್ತಿ, ಬಿಚ್ಚಿ, ಸುತ್ತಿ,
ಮೇಲಿನ ಫ್ಯಾನು ನೋಡುತ್ತಿದ್ದಳು.

ನರ್ಸು ಅವಸರ ಮಾಡಿದಳು.
ಸಂಬಂಧ ಅನ್ನುವ ಕಡೆ ತಾಯಿ ಅಂತ ಬರೆದೆ,
ವಯಸ್ಸು ಅನ್ನುವ ಕಡೆ ನಲವತ್ತೇಳು.
ಯಾರೂ ಕೂಡಿ ಕಳೆದು ನೋಡಲಿಲ್ಲ.