ಘಾಟಿನ ನೆವ

ಬ್ಯಾಡಗಿಯೊಳಗ ಅಳಾಕ ಕಾರಣ ಬೇಕಾಗಿಲ್ಲ,
ಮೆಣಸಿನಕಾಯಿ ಐತಿ.
ಮಾಘದಿಂದ ಚೈತ್ರದ ತನಕ
ಇಡೀ ಊರು ಸೆರಗಿನ ತುದಿಲೆ ಕಣ್ಣೊರಸ್ಕೊಂತ
ಬಸ್ಸು ಹತ್ತತೈತಿ, ಚಾ ಕುಡೀತೈತಿ, ಬೀಗರನ್ನ ಮಾತಾಡಸ್ತೈತಿ.
"ಯಾಕವ್ವಾ, ಕಣ್ಣು ಕೆಂಪಾಗ್ಯಾವಲ್ಲ?" ಅಂತ
ಇಲ್ಲಿ ಯಾರೂ ಯಾರನ್ನೂ ಕೇಳೂದಿಲ್ಲ.

ಅದಕ್ಕ ಗೊತ್ತಾಗಲಿಲ್ಲ ನಮಗ,
ಸಾಂವಕ್ಕ ಮೂರು ಹಂಗಾಮಿನಿಂದ ಅಳತಿದ್ಲು ಅಂತ.

ಗೋದಾಮಿನ್ಯಾಗ ನನ್ನ ಎಡಕ್ಕ ಆಕಿ ಕುಂದರಾಕಿ.
ಸುಕ್ಕುಗಟ್ಟಿದ ಡಬ್ಬಿ ಕಾಯಿ ಹಿಡದು
ಹೆಬ್ಬೆರಳಿಲೆ ತೊಟ್ಟು ಚಿವುಟೂದು, ಬುಟ್ಟಿಗೆ ಒಗಿಯೂದು.
ಹಿಂದ ಯಾರರ ಜೋರಾಗಿ ಬಾಗಲಾ ಹಾಕಿದ್ರ ಮಾತ್ರ
ಕೈ ನಿಲ್ಲತಿತ್ತು, ಹೆಗಲು ಕಿವಿತನಕ ಏರತಿತ್ತು.
ನಾ ಅಂದ್ಕೊಂಡೆ: ಸೀನು ಬಂದಿರಬೇಕು.

ಒಂದಿನ ಲಾರಿ ಮೋಟೆಬೆನ್ನೂರ ಹತ್ರ ಕೆಟ್ಟು ನಿಂತು
ಕಾಯಿ ಬರಲಿಲ್ಲ. ಕಸ ಹೊಡದ ನೆಲ, ಖಾಲಿ ಚೀಲದ ಮ್ಯಾಲ
ಹನ್ನೊಂದು ಮಂದಿ ಹೆಂಗಸರು, ಘಾಟಿಲ್ಲದ ಗಾಳಿ.
ಎಲ್ಲಾರ ಕಣ್ಣೂ ಒಣಗಿದ್ವು.
ಸಾಂವಕ್ಕನ ಗದ್ದದಿಂದ ಮಾತ್ರ ಹನಿ ಬೀಳಾಕತ್ತಿತ್ತು,
ಟಪ್, ಟಪ್, ಗೋಣಿಚೀಲದ ಮ್ಯಾಲ.
ನೆವ ಇರಲಿಲ್ಲ ಆಕಿಗೆ. ನಮಗೂ.

ಖಾತೂನಬಿ ಎದ್ದು ಬಂದು, ಏನೂ ಕೇಳಲಿಲ್ಲ,
ಆಕಿ ಬೆನ್ನಿಗೆ ಬೆನ್ನು ಹಚ್ಚಿ ಕುಂತ್ಲು.
"ಬಾಗಲಾ ನಾ ನೋಡ್ಕೋತೀನಿ," ಅಂದ್ಲು, "ನೀ ಆ ಕಡೆ ನೋಡು."
ಬಾಗಲದ ವಿಷಯ ಆಕಿಗೆ ಹೆಂಗ ಗೊತ್ತಾತು
ನಾ ಇವತ್ತಿಗೂ ಕೇಳಿಲ್ಲ.

ಮುಂದಿಂದು ಒಬ್ಬರು ಮಾಡಿದ್ದಲ್ಲ.
ಅಡತಿ ಅಂಗಡಿಯವ ಹಿಂದಿನ ಖೋಲಿ ಕೊಟ್ಟ;
ಮೊದಲು ಬಾಡಿಗಿ ಕೇಳಿದ್ದ, ಅವನ ತಾಯಿ ಬೈದ ಮ್ಯಾಲ ಕೀಲಿ ಬಂತು.
ಚಾಪಿ ಮಸೂತಿಯಿಂದ, ನೀರಿನ ಗಡಿಗಿ ಮಠದಿಂದ.
ಅಂಗನವಾಡಿ ಟೀಚರು ಆಕಿ ಹುಡುಗನ್ನ
ಏಳರ ತನಕ ಇಟ್ಕೊಂಡು ಮುಖ ತೊಳದು ಕಳಸತಿದ್ರು.
ಕಾಯಿ ಬಿಡಿಸಿದ ಕೈಲೆ ನಾವು
ಮಕ್ಕಳ ಗಲ್ಲ ಮುಟ್ಟೂ ಹಂಗಿಲ್ಲಲ್ಲ.

ಬುಧವಾರಕ್ಕೊಮ್ಮೆ ಹಾವೇರಿ ದವಾಖಾನಿ ಹುಡುಗಿ ಬಂದು
ವಹಿ ತಗದು ಕೇಳಿದ್ಲು: "ಹತ್ತಕ್ಕ ಎಷ್ಟು ನೋವು?"
ಫಕ್ಕೀರವ್ವ ಅಂದ್ಲು: "ಮೂರು ಸೇರು. ಮ್ಯಾಲೊಂದು ಬೊಗಸಿ."
ಆ ಹುಡುಗಿ ನಗಲಿಲ್ಲ. ಹಂಗ ಬರಕೊಂಡ್ಲು.
ಮರುವಾರದಿಂದ ಸೇರಿನ್ಯಾಗ ಕೇಳಾಕತ್ತಿದ್ಲು.

ಒಳಗ ಸಾಂವಕ್ಕ ಏನು ಹೇಳಿದ್ಲೋ. ಗ್ವಾಡಿ ತೆಳ್ಳಗ.
ನಾವು ಹೊರಗ ಬೇಕಂತ ಜೋರು ಮಾತಾಡಿದ್ವಿ,
ಗಿರಣಿ ದರ, ಯಾರದೋ ಮಗಳ ಕುಬಸ, ಸುಳ್ಳು ಜಗಳ,
ಆಕಿ ಒಂದು ಅಕ್ಷರನೂ ನಮ್ಮ ಕಿವಿಗೆ ಬೀಳಬಾರದು ಅಂತ.

ಆ ತಾಸಿನ್ಯಾಗ ಆಕಿ ಬುಟ್ಟಿ ತೂಕ ಕಮ್ಮಿ ಬೀಳತಿತ್ತು.
ಕಿಲೋ ಲೆಕ್ಕದ ಪಗಾರ. ನಾವು ಒಬ್ಬೊಬ್ಬರು
ಒಂದೊಂದು ಬೊಗಸಿ ಆಕಿ ಬುಟ್ಟಿಗೆ ಸುರವಿದ್ವಿ.
ಫಕ್ಕೀರವ್ವನ ಕೈ ನಿಂತಿತು. "ನನ್ನ ಬೆನ್ನೂ ಮುರದೈತಿ.
ನನ್ನ ಬುಟ್ಟಿಗೆ ಯಾರು ಹಾಕ್ಯಾರ ಇಷ್ಟು ದಿನ?"
ಯಾರ ಬಾಯಾಗೂ ಉತ್ತರ ಇರಲಿಲ್ಲ.
ಅವತ್ತಿನಿಂದ ಎರಡು ಬುಟ್ಟಿ ತುಂಬಬೇಕಾತು,
ಬ್ಯಾಸಗಿ ಮುಗಿಯೂದ್ರಾಗ ನಾಕು.
ಒಂದು ವಾರ ನಂದೂ ಕಮ್ಮಿ ಬಿತ್ತು. ಹೇಳಲಿಲ್ಲ ಯಾರಿಗೂ.

ಗಂಡನ ಮ್ಯಾಲಿನ ಕೇಸು ಇನ್ನೂ ನಡದೈತಿ, ವಾಯಿದೆ ಮ್ಯಾಲ ವಾಯಿದೆ.
ಬಾಗಲಾ ಬಡದ್ರ ಆಕಿ ಹೆಗಲು ಈಗೂ ಏರತಾವು,
ಕಿವಿತನಕ ಹೋಗೂದಿಲ್ಲ, ಅಷ್ಟ.

ಹಂಗಾಮು ಮುಗೀತು.
ಕಡೀ ಚೀಲ ಕೋಲ್ಡ್ ಸ್ಟೋರೇಜಿಗೆ ಹೋತು.
ಖೋಲಿಯೊಳಗ ನಾ ಚಾಪಿ ಸುತ್ತತಿದ್ದೆ.
ಸಾಂವಕ್ಕ ಕೀಲಿ ಹಿಡದು ಬಾಗಲದಾಗ ನಿಂತಾಕಿ
ನನ್ನ ಮಾರಿ ನೋಡಿ ಕೇಳಿದ್ಲು:
"ಯಾಕವ್ವಾ, ಕಣ್ಣು ಕೆಂಪಾಗ್ಯಾವಲ್ಲ?"

ಘಾಟು, ಅನ್ನಾಕ ಬಾಯಿ ತಗದೆ.
ಗೋದಾಮು ಖಾಲಿ ಇತ್ತು.